ಅರಿಶಿನದ ಸರದಿ ಮತ್ತು ಪುಟ್ಟಮಾದುವಿನ ಸರ್ವರು

ಚಾಮರಾಜನಗರದ ಅರಿಶಿನ ಯಂತ್ರ ಸಹಕಾರ ಸಂಘದ ಕಂಪ್ಯೂಟರ್ ಕೋಣೆಯಲ್ಲಿ ರಂಗರಾಜು ಬೆಳಗಿನಿಂದ ಒಂದೇ ಗುಂಡಿಯನ್ನು ಒತ್ತುತ್ತ ಕೂತಿದ್ದ. ಪರದೆಯೂ ಅಷ್ಟೇ ಹಟದಿಂದ ಒಂದೇ ಉತ್ತರ ಕೊಡುತ್ತಿತ್ತು: ಡಿಸ್ಕ್ ತೆರೆಯಲು ಆಗುತ್ತಿಲ್ಲ, ಬೇಕಾದ ಫೈಲು ಸಿಗುತ್ತಿಲ್ಲ. ಯಾವ ಫೈಲು, ಎಲ್ಲಿ ಹೋಯಿತು, ಯಾರು ಎತ್ತಿಕೊಂಡು ಹೋದರು, ಒಂದನ್ನೂ ಬಾಯಿಬಿಟ್ಟು ಹೇಳದು. ಕಂಪ್ಯೂಟರಿನ ಬುದ್ಧಿಯೇ ಇಷ್ಟು ನೋಡಿ. ಆಗಲ್ಲ ಅನ್ನುವುದನ್ನು ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳುತ್ತದೆ, ಮುಂದೇನು ಅನ್ನುವುದನ್ನು ಮಾತ್ರ ನಮ್ಮ ಹಣೆಬರಹಕ್ಕೆ ಬಿಡುತ್ತದೆ.

ಸಂಘದ ಬಳಿ ಅರಿಶಿನ ಬೇಯಿಸುವ ಯಂತ್ರಗಳಿವೆ, ಪಾಲಿಶ್ ಮಾಡುವ ಯಂತ್ರಗಳಿವೆ. ಯಾವ ದಿನ ಯಾವ ಊರಿನ ಯಾರ ಕಣಕ್ಕೆ ಯಂತ್ರ ಹೋಗಬೇಕು ಎಂಬ ಸರದಿಯೆಲ್ಲ ಕಂಪ್ಯೂಟರಿನಲ್ಲಿ. ಇಷ್ಟು ವರ್ಷ ಆ ಕಂಪ್ಯೂಟರು ಗುಂಡ್ಲುಪೇಟೆ ಶಾಖೆಯಲ್ಲಿತ್ತು. ಅದಕ್ಕೆ ವಯಸ್ಸಾಗಿ ಫ್ಯಾನು ಗೊರಗೊರ ಅನ್ನತೊಡಗಿದ ಮೇಲೆ ಆಡಳಿತ ಮಂಡಳಿಯವರು ಚಾಮರಾಜನಗರದ ಮುಖ್ಯ ಕಚೇರಿಗೆ ಹೊಸ ಸರ್ವರ್ ತರಿಸಿದರು. ಹಳೆಯ ಮಿಷಿನ್ನಿನೊಳಗೆ ಇನ್ನೊಂದು ಮಿಷಿನ್ ಇತ್ತು. ಕಬ್ಬಿಣದ್ದಲ್ಲ, ಬರೀ ಫೈಲುಗಳಿಂದ ಆದದ್ದು. ತಿಳಿದವರು ಅದನ್ನು ವರ್ಚುವಲ್ ಮಿಷಿನ್ ಅನ್ನುತ್ತಾರೆ. ಆ ಫೈಲುಗಳನ್ನು ತಂದು ಹೊಸ ಸರ್ವರಿನಲ್ಲಿ ಕೂರಿಸಿದರೆ ಆಯಿತು, ಬಾಡಿಗೆ ಮನೆ ಬದಲಾಯಿಸಿದ ಹಾಗೆ. ಕೂರಿಸಿದ್ದೂ ಆಗಿತ್ತು. ಏಳುತ್ತಿರಲಿಲ್ಲ, ಅಷ್ಟೇ.

ಹೊರಗೆ ವರಾಂಡದಲ್ಲಿ ಹರವೆಯ ಬೆಟ್ಟಯ್ಯನಿಗೂ ಉಡಿಗಾಲದ ಮರಿಮಲ್ಲಪ್ಪನಿಗೂ ಕೈ ಕೈ ಮಿಲಾಯಿಸುವುದೊಂದು ಬಾಕಿ.

‘ಇವತ್ತಿನ ಸರದಿ ನಂದು ಕಣ್ಲಾ! ಕಿತ್ತಾಕಿರೋ ಅರ್ಸಿನ ಕಣದಲ್ಲಿ ಗುಡ್ಡೆ ಬಿದ್ದದೆ!’ ಅಂತ ಬೆಟ್ಟಯ್ಯ.

‘ನಿಂದು ಗುಡ್ಡೆ, ನಂದೇನು ಒಲೆ ಮೇಲೆ ಬೇಯ್ತಾ ಅದಾ?’ ಅಂತ ಮರಿಮಲ್ಲಪ್ಪ.

ಸಂಘದ ಕಾರ್ಯದರ್ಶಿ ರಘುನಾಥ ಬಾಗಿಲಲ್ಲಿ ತಲೆ ಹಾಕಿದರು. ಕಂಪ್ಯೂಟರ್ ವಿಷಯದಲ್ಲಿ ಅವರ ಬಳಿ ಇದ್ದ ಮದ್ದು ಒಂದೇ. ‘ಆಫ್ ಮಾಡಿ ಆನ್ ಮಾಡಿದ್ಯೇನಯ್ಯ?’

‘ಮಾಡ್ದೆ ಸಾರ್.’

‘ಇನ್ನೊಂದ್ಸಲ ಮಾಡು. ಸಂಜೆಯೊಳಗೆ ಸರದಿ ಕೂಗದೇ ಹೋದ್ರೆ ಇವರು ನನ್ನನ್ನೇ ಬೇಯಿಸಿ ಪಾಲಿಶ್ ಹಾಕ್ತಾರೆ.’

ರಂಗರಾಜು ಆಫ್ ಮಾಡಿ ಆನ್ ಮಾಡಿದ. ವೈರು ಕಿತ್ತು ಚುಚ್ಚಿದ. ಫೈಲಿನ ಅನುಮತಿಗಳನ್ನು ತಿರುವಿಹಾಕಿದ. ಜಾಗ ಸಾಲದೇ ಹೋಯಿತೇನೋ ಎಂದು ನೋಡಿದ. ಇನ್ನೂ ಹತ್ತು ಸಂಘ ಹಿಡಿಸುವಷ್ಟು ಜಾಗವಿತ್ತು. ತಲೆ ಕೆಟ್ಟು ಕೆರ ಹಿಡಿದು ಕೊನೆಗೆ ಮೈಸೂರಿನಲ್ಲಿದ್ದ, ಸರ್ವರ್ ಮಾರಿದವರ ಕಡೆಯ ಎಂಜಿನಿಯರ್ ರಂಗನಾಯಕನಿಗೆ ಫೋನು ಮಾಡಿದ.

‘ದೊಡ್ಡ ಫೈಲ್ ಬಂದಿದೆಯಲ್ಲ, ಅದರ ಪಕ್ಕದಲ್ಲೇ ಅದೇ ಹೆಸರಿನ ಒಂದು ಪುಟಾಣಿ ಫೈಲ್ ಇರಬೇಕು. ನೋಡಿ,’ ಅಂದ ರಂಗನಾಯಕ.

ನೋಡಿದರೆ ಇಲ್ಲ.

‘ಅದೇ ನಿಮ್ಮ ಕಾಯಿಲೆ. ದೊಡ್ಡದು ಟ್ರಂಕು ಇದ್ದ ಹಾಗೆ, ಚಿಕ್ಕದು ಅದರ ಬೀಗದ ಕೈ. ಹಳೇ ಮಿಷಿನ್ನಲ್ಲೇ ಉಳಿದಿರುತ್ತೆ, ತಗೊಂಡು ಬನ್ನಿ. ಹೊಸದನ್ನೂ ಕಟ್ಟಬಹುದು, ಆದರೆ ಅಳತೆ ಒಂಚೂರು ತಪ್ಪಿದರೂ ಒಳಗಿರೋದೆಲ್ಲ ಕಲಸುಮೇಲೋಗರ. ಟ್ರೈನಿಂಗಲ್ಲಿ ಹೇಳಿದ್ವಲ್ಲ?’

ಹೇಳಿದ್ದರು, ನಿಜ. ಆ ಪಾಠ ನಡೆಯುವಾಗ ರಂಗರಾಜು ಊಟದ ಕೂಪನ್ ತರಲು ಹೋಗಿದ್ದ.

ರೋಗ ಗೊತ್ತಾಯಿತು, ಮದ್ದೂ ಗೊತ್ತಾಯಿತು. ಹಳೆಯ ಮಿಷಿನ್ನಿನ ಇಂಟರ್ನೆಟ್ ಲೈನನ್ನು ಕಿತ್ತು ಹಾಕಿಯಾಗಿತ್ತು, ಇಲ್ಲಿಂದಲೇ ಎಳೆದುಕೊಳ್ಳುವಂತಿರಲಿಲ್ಲ. ಆದರೇನು, ಗುಂಡ್ಲುಪೇಟೆ ಶಾಖೆಗೆ ಫೋನು ಮಾಡಿ ‘ಒಂದು ಫೈಲು ಬಿಟ್ಟುಬಿಟ್ಟಿದ್ದೀರಿ, ಬಸ್ಸಿನಲ್ಲಿ ಕಳಿಸಿ’ ಎಂದು ಕೇಳಿದರೆ ಮುಗಿಯಿತು. ಯಾರಾದರೂ ಕೇಳುತ್ತಿದ್ದರು. ರಂಗರಾಜುವಿಗೆ ಮಾತ್ರ ಕೇಳುವಂತಿರಲಿಲ್ಲ. ಯಾಕೆಂದರೆ ಗುಂಡ್ಲುಪೇಟೆ ಶಾಖೆಯ ಕಂಪ್ಯೂಟರು ನೋಡಿಕೊಳ್ಳುತ್ತಿದ್ದವನು ಪುಟ್ಟಮಾದು, ಮತ್ತು ಪುಟ್ಟಮಾದು ಭಾಗ್ಯಳ ಸೋದರಮಾವ.

ಭಾಗ್ಯ ಹರವೆಯ ಹುಡುಗಿ. ಚಾಮರಾಜನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ರಂಗರಾಜುವಿಗೆ ಮೂವತ್ನಾಲ್ಕು ತುಂಬಿತ್ತು, ಹೆಣ್ಣು ಹುಡುಕಿ ಹುಡುಕಿ ಮನೆಯವರ ಚಪ್ಪಲಿ ಸವೆದಿತ್ತು. ಅಂಥದರಲ್ಲಿ ಭಾಗ್ಯಳ ಮನೆಯವರು ಕಾಫಿ ಕೊಟ್ಟು, ‘ನಮ್ಮದೇನೂ ಅಡ್ಡಿಯಿಲ್ಲ, ಸೋದರಮಾವ ಹೂಂ ಅನ್ನಬೇಕು ಅಷ್ಟೇ’ ಅಂದಿದ್ದರು. ಆ ಹೂಂ ಇನ್ನೂ ಬಂದಿರಲಿಲ್ಲ. ‘ಹುಡುಗನ್ನ ಇನ್ನೊಂಚೂರು ನೋಡನ’ ಅಂದಿದ್ದನಂತೆ ಪುಟ್ಟಮಾದು. ಅವತ್ತಿನಿಂದ ರಂಗರಾಜು ಆ ಮನುಷ್ಯನ ಎದುರು ಸೀನುವುದಕ್ಕೂ ಹೆದರುತ್ತಿದ್ದ. ಭಾಗ್ಯಳನ್ನು ನೋಡಿದ ಮೇಲೆ ಬೇರೆ ಹೆಣ್ಣು ನೋಡುವ ಯೋಚನೆಯೇ ಅವನ ತಲೆಗೆ ಬಂದಿರಲಿಲ್ಲ.

ಈ ಎಡವಟ್ಟು ಆದದ್ದೂ ಆ ಹೆದರಿಕೆಯಿಂದಲೇ. ಪುಟ್ಟಮಾದು ಫೈಲುಗಳನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ತುಂಬಿ, ಟವಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ. ತಂದವನ ಎದುರಿಗೇ ಎಲ್ಲ ಬಂದಿದೆಯೇ ಎಂದು ತೆರೆದು ನೋಡುವುದು ಸಂಘದ ಪದ್ಧತಿ. ಹುಡುಗಿಯ ಮಾವನ ಎದುರು ಹಾಗೆ ಎಣಿಸಿ ನೋಡುವುದು ಎಂದರೇನು! ರಂಗರಾಜು ಎರಡು ಕೈಯಲ್ಲಿ ಈಸಿಕೊಂಡು, ಕಾಫಿ ವಡೆ ಕೊಡಿಸಿ, ಬಸ್ಸು ಹತ್ತಿಸಿ ಬಂದಿದ್ದ.

ಈಗ ಧೈರ್ಯ ಮಾಡಿ ಫೋನು ಹಚ್ಚಿದ. ‘ಅಣ್ಣ, ಊಟ ಆಯ್ತಾ?’

‘ಇನ್ನೂ ತಿಂಡೀನೇ ಅರಗಿಲ್ಲ ಕಣಪ್ಪ. ಯಾನ ಸಮಾಚಾರ?’

‘ಏನಿಲ್ಲ. ನಮ್ಮ ಮಿಷಿನ್ನು ಅಲ್ಲಿದ್ದಾಗ ಚೆನ್ನಾಗಿತ್ತಲ್ವಾ ಅಣ್ಣ?’

‘ಅಚ್ಚುಕಟ್ಟಾಗಿತ್ತು. ಯಾಕೆ, ನಿಮ್ಮೂರ ನೀರು ಇಡಿಸ್ಲಿಲ್ವಾ ಅದ್ಕೆ?’

‘ಛೆ ಛೆ, ಚೆನ್ನಾಗದೆ ಅಣ್ಣ. ಸುಮ್ನೆ ಕೇಳ್ದೆ.’ ಫೋನು ಇಟ್ಟು ತನ್ನ ಹಣೆಯನ್ನು ತಾನೇ ಚಚ್ಚಿಕೊಂಡ.

ಅಷ್ಟರಲ್ಲಿ ಭಾಗ್ಯಳದೇ ಫೋನು ಬಂತು. ಸರದಿಯ ಗಲಾಟೆಯ ಸುದ್ದಿ ಲ್ಯಾಬಿನವರೆಗೂ ಹೋಗಿತ್ತು. ರಂಗರಾಜು ತಡವರಿಸಿಕೊಂಡು ಎಲ್ಲ ಹೇಳಿದ.

‘ಅಲ್ಲಾ, ನೇರವಾಗಿ ಕೇಳೋಕೇನು ನಿಮಗೆ? ನಮ್ಮ ಮಾವ ಏನು ಬಂಡೀಪುರದ ಹುಲಿನಾ?’

‘ಹಾಗಲ್ಲ ಭಾಗ್ಯ ಅವರೇ, ಬೇಜಾರು ಮಾಡ್ಕೊಂಡ್ರೆ...’

‘ಮಾಡ್ಕೊಂಡ್ರೆ ಮಾಡ್ಕೊಳ್ಳಲಿ. ನಾನು ದಿನಾ ನೂರು ಜನಕ್ಕೆ ಸೂಜಿ ಚುಚ್ಚುತೀನಿ. ಅವರೆಲ್ಲ ಬೇಜಾರು ಮಾಡ್ಕೊಂಡೇ ಕೈ ಕೊಡ್ತಾರೆ.’

ಅವಳ ಮಾತು ಸರಿಯೇ. ಆದರೆ ರಂಗರಾಜು ಸೂಜಿ ಚುಚ್ಚುವ ಜಾತಿಯಲ್ಲ, ಚುಚ್ಚಿಸಿಕೊಳ್ಳುವ ಜಾತಿ. ಬೈಕು ಹತ್ತಿ ತೆರಕಣಾಂಬಿ ಮೇಲೆ ಹಾದು ಗುಂಡ್ಲುಪೇಟೆ ಮುಟ್ಟಿದ. ಉಪಾಯ ಇಷ್ಟೇ: ಸುಮ್ಮನೆ ಈ ಕಡೆ ಬಂದಿದ್ದೆ ಅನ್ನುವುದು, ಹಳೆಯ ಮಿಷಿನ್ನಿನ ಧೂಳು ಹೊಡೆಯುತ್ತೇನೆ ಅನ್ನುವುದು, ಯಾರಿಗೂ ಗೊತ್ತಾಗದ ಹಾಗೆ ಆ ಪುಟಾಣಿ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದುಬಿಡುವುದು.

ಉಪಾಯವೇನೋ ಚೆನ್ನಾಗಿತ್ತು. ಆದರೆ ಶಾಖೆಯ ಬೀಗದ ಕೈ ಪುಟ್ಟಮಾದುವಿನ ಸೊಂಟದಲ್ಲಿತ್ತು, ಪುಟ್ಟಮಾದು ಊಟಕ್ಕೆ ಮನೆಗೆ ಹೊರಟಿದ್ದ, ಮತ್ತು ಹೆಣ್ಣು ಕೇಳಿದ ಹುಡುಗನನ್ನು ಊಟದ ಹೊತ್ತಿನಲ್ಲಿ ಬರಿ ಹೊಟ್ಟೆಯಲ್ಲಿ ಬಿಟ್ಟು ಹೋಗುವ ಮನುಷ್ಯ ಅವನಾಗಿರಲಿಲ್ಲ. ‘ಮಿಷಿನ್ನು ಎಲ್ಗೂ ಓಗಲ್ಲ. ಬಾ, ಮೊದ್ಲು ಮುದ್ದೆ ಮುರಿಯನ.’

ಪುಟ್ಟಮಾದುವಿನ ಹೆಂಡತಿ ಸಣ್ಣತಾಯಮ್ಮ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು.

‘ಇನ್ನೊಂಚೂರು ಆಕ್ಲಾ?’ ಅಂದಳು.

‘ಸಾಕು ಅತ್ತಿಗೆ,’ ಅಂದ ರಂಗರಾಜು.

‘ಅತ್ತಿಗೆ ಯಾಕಪ್ಪ? ಸಂಬಂಧ ಕೂಡಿ ಬಂದ್ರೆ ನಾನು ಅತ್ತೆ ಆಯ್ತೀನಿ, ಇವ್ರು ಮಾವ ಆಯ್ತಾರೆ. ಈಗ್ಲೇ ರೂಢಿ ಮಾಡ್ಕೊ,’ ಅಂದಳು ಸಣ್ಣತಾಯಮ್ಮ. ರಂಗರಾಜು ತಟ್ಟೆಯ ಮೇಲೆ ಇನ್ನಷ್ಟು ಬಗ್ಗಿದ. ಪುಟ್ಟಮಾದು ಹುಡುಗನ ಮುಖವನ್ನೇ ನೋಡುತ್ತಿದ್ದ.

ಸಾರು ಸೊಗಸಾಗಿತ್ತು. ಸಂಕೋಚ ಬಿಟ್ಟು ಎರಡು ಸಲ ಹಾಕಿಸಿಕೊಂಡ, ಮೂರನೇ ಸಲವೂ ಹಾಕಿಸಿಕೊಂಡ. ನಾಲ್ಕನೇ ಸಲ ತಟ್ಟೆ ಸರಿಸಿದಾಗ ಸಣ್ಣತಾಯಮ್ಮ ‘ಮುಗೀತು ಕಣಪ್ಪ’ ಅಂದಳು. ಆದರೆ ಪಾತ್ರೆ ವಾಲಿದಾಗ ತಳದಲ್ಲಿ ಒಂದು ಸೌಟು ಸಾರು ಇದ್ದುದು ರಂಗರಾಜುವಿನ ಕಣ್ಣಿಗೆ ಬಿತ್ತು. ಅವನು ನೋಡಿದ್ದನ್ನು ಅವಳೂ ನೋಡಿದಳು.

‘ತಪ್ಪು ತಿಳ್ಕಬ್ಯಾಡ ಕಣಪ್ಪ. ತಳ ಬರಿದು ಮಾಡ್ಬಾರ್ದು. ಇವ್ರ ಅಮ್ಮನ ಕಾಲದಿಂದ ಈ ಮನೇಲಿ ಯಾವ ಪಾತ್ರೆನೂ ಪೂರ್ತಿ ಬಳ್ದಿಲ್ಲ.’

‘ಪಾತ್ರೆ ಒಂದೇ ಅಲ್ಲ,’ ಅಂದ ಪುಟ್ಟಮಾದು. ಈ ವಿಷಯ ಬಂದರೆ ಅವನಿಗೆ ಹುರುಪು. ‘ಬಿತ್ನೆ ಮೂಟೆ ಕೊಟ್ರೆ ಒಂದು ಬೊಗಸೆ ಉಳ್ಸಿ ಕೊಡ್ತೀವಿ. ಹಸ ಮಾರುದ್ರೆ ಹಗ್ಗ ನಾವೇ ಇಟ್ಕತೀವಿ. ಇರೋದ್ನೆಲ್ಲಾ ಗುಡ್ಸಿ ಗುಂಡಾಂತ್ರ ಮಾಡಿ ಕೊಟ್ಬುಟ್ರೆ ಆ ಮನೆಗೆ ಮತ್ತೆ ಏನು ಬತ್ತದೆ ಹೇಳು? ಕಚೇರಿ ಆದ್ರೇನು, ಮನೆ ಆದ್ರೇನು.’

ರಂಗರಾಜು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟ. ‘ಕಚೇರಿಯಲ್ಲೂ ಉಳಿಸಿದ್ದೀರಾ ಮಾವ?’

‘ಉಳ್ಸದೆ? ಇಷ್ಟು ವರ್ಷ ನಮ್ಮ ಶಾಖೇಲಿ ಇದ್ದ ಲಕ್ಷ್ಮಿ ಅದು. ಎಲ್ಲಾ ನಿಮ್ಮೂರಿಗೆ ಕಳ್ಸಿ ನಾವು ಬಾಯಿಗೆ ಮಣ್ಣಾಕ್ಕಳದಾ? ದೊಡ್ಡ ದೊಡ್ಡದ್ನೆಲ್ಲ ನಿಮ್ಗೆ ಕೊಟ್ಟೆ, ನಾನೇನು ದುರಾಸೆ ಮಾಡಿಲ್ಲ. ಎಲ್ಲಕ್ಕಿಂತ ಸಣ್ಣದು, ಇರುವೆಯಷ್ಟಿತ್ತು, ಅದೊಂದ ಇಟ್ಕಂಡೆ. ಅದ್ರಿಂದ ನಿಮ್ಗೇನು ನಷ್ಟ ಆಯ್ತದೆ?’

ಇರುವೆಯಷ್ಟಿದ್ದ ಆ ಬೀಗದ ಕೈ ಇಲ್ಲದೆ ಅಲ್ಲಿ ಜಿಲ್ಲೆಯ ಅರಿಶಿನವೆಲ್ಲ ಕಣದಲ್ಲಿ ಕೂತಿತ್ತು. ರಂಗರಾಜುವಿಗೆ ಒಳಗಿಂದ ಸಿಟ್ಟು ಉಕ್ಕಿ ಬಂತು. ಕಷ್ಟಪಟ್ಟು ಮುದ್ದೆಯ ಜೊತೆ ನುಂಗಿದ. ‘ನಷ್ಟ ಏನಿಲ್ಲ ಮಾವ. ಆದರೆ ಕಾಪಿ ಮಾಡಿದ್ದರೆ ಎರಡೂ ಕಡೆ ಇರುತ್ತಿತ್ತಲ್ಲ?’

‘ಕಾಪಿನಾ?’ ಪುಟ್ಟಮಾದುವಿಗೆ ಅವಮಾನವಾಯಿತು. ‘ಮುಖ್ಯ ಕಚೇರಿಗೆ ನಕಲು ಕೊಡೋನಾ ನಾನು? ಕಟ್ ಮಾಡಿ ಅಸಲೇ ಕೊಟ್ಟಿವ್ನಿ.’

‘ಹೂಂ ಮಾವ,’ ಅಂದ ರಂಗರಾಜು. ಇನ್ನೇನು ಅನ್ನುತ್ತಾನೆ, ಪಾಪ.

ಊಟ ಮುಗಿಸಿ ಶಾಖೆಗೆ ಹೋದರು. ಹಳೆಯ ಮಿಷಿನ್ನು ಗೊರಗೊರ ಅನ್ನುತ್ತ ಎದ್ದಿತು. ಖಾಲಿ ಅಂಗಳದಂತಿದ್ದ ಫೋಲ್ಡರಿನ ನಡುವೆ ಆ ಒಂದು ಫೈಲು ಸುಖವಾಗಿ ಕೂತಿತ್ತು. ಅದರದೊಂದು ಪ್ರತಿ ಸಾಕು, ಅಸಲು ಇಲ್ಲೇ ಇರುತ್ತದೆ ಎಂದು ರಂಗರಾಜು ಬಿಡಿಸಿ ಬಿಡಿಸಿ ಹೇಳಿದ. ಅಷ್ಟಾದರೂ ಪುಟ್ಟಮಾದುವಿಗೆ ನಂಬಿಕೆ ಬರಲಿಲ್ಲ. ನಕಲಿನಲ್ಲಿ ಕೆಲಸ ಆಗುವುದನ್ನು ಕಣ್ಣಾರೆ ನೋಡುತ್ತೇನೆ ಎಂದು ಬೈಕಿನ ಹಿಂದೆ ಹತ್ತಿದ. ಪೆನ್‌ಡ್ರೈವು ಅಂಗಿಯ ಜೇಬಿನಲ್ಲಿ, ಜೇಬಿನ ಮೇಲೆ ಕೈ. ದಾರಿಯುದ್ದಕ್ಕೂ ಹಾಗೇ ಕೂತು ಬಂದ.

ಚಾಮರಾಜನಗರದಲ್ಲಿ ಪುಟಾಣಿ ಫೈಲನ್ನು ದೊಡ್ಡದರ ಪಕ್ಕದಲ್ಲಿ ಕೂರಿಸಿ ರಂಗರಾಜು ಗುಂಡಿ ಒತ್ತಿದ. ಪರದೆ ಕಪ್ಪಾಯಿತು, ನೀಲಿಯಾಯಿತು, ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಸಂಘದ ಹೆಸರು ತೋರಿಸಿ ನಿಂತಿತು. ಕಾರ್ಯದರ್ಶಿ ಓಡಿಬಂದು ಸರದಿ ಓದಿದರು. ಬೆಟ್ಟಯ್ಯನದೂ ಅಲ್ಲ, ಮರಿಮಲ್ಲಪ್ಪನದೂ ಅಲ್ಲ. ಇವತ್ತಿನ ಸರದಿ ಚಿಕ್ಕಮಾದಯ್ಯನದು. ಚಿಕ್ಕಮಾದಯ್ಯ ಬೆಳಗಿನಿಂದ ಆಚೆ ಬೇವಿನ ಮರದಡಿ ಒಂದೂ ಮಾತಾಡದೆ ಕೂತಿದ್ದವನು, ಹೆಸರು ಕೂಗಿದ್ದೇ ಎದ್ದು ಟವಲು ಕೊಡವಿಕೊಂಡು ಯಂತ್ರದ ಹಿಂದೆ ಹೋದ. ಜಗಳವಾಡಿದ ಇಬ್ಬರೂ ಮುಖ ಹುಳ್ಳಗೆ ಮಾಡಿಕೊಂಡು ಒಟ್ಟಿಗೆ ಟೀ ಕುಡಿಯಲು ಹೋದರು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕೆಲಸ ಸರಿಹೋದ ಮೇಲೆ ತಪ್ಪು ಯಾರದು ಎಂದು ಕೇಳದಿದ್ದರೆ ಕಾರ್ಯದರ್ಶಿಗಳಿಗೆ ನಿದ್ದೆ ಬರುತ್ತದೆಯೇ? ರಘುನಾಥರು ಇಬ್ಬರನ್ನೂ ಕೋಣೆಗೆ ಕರೆದರು. ‘ಫೈಲು ಯಾಕೆ ಬಂದಿರಲಿಲ್ಲ? ಮಂಡಳಿಗೆ ನಾನು ಉತ್ತರ ಹೇಳಬೇಕು.’

ರಂಗರಾಜು ಮಾವನ ಕಡೆ ನೋಡಲಿಲ್ಲ. ‘ನನ್ನ ತಪ್ಪು ಸಾರ್. ಫೈಲು ಬಂದಿತ್ತು, ನಾನೇ ನೋಡದೆ ಅಳಿಸಿಬಿಟ್ಟಿದ್ದೆ.’

‘ಏಯ್!’ ಎಂದು ಪುಟ್ಟಮಾದು ಕುರ್ಚಿಯಿಂದ ಎದ್ದೇಬಿಟ್ಟ. ‘ಅವ್ನೆಲ್ಲಿ ಅಳ್ಸುದ್ನು? ನಾನು ಇಟ್ಕಂಡಿದ್ದು ಅದು! ಗೊತ್ತಿದ್ದೇ ಇಟ್ಕಂಡೆ. ಬರ್ಕೊಳಿ ಸಾರ್, ಪುಟ್ಟಮಾದು ಇಟ್ಕಂಡ ಅಂತ.’

ರಘುನಾಥರು ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದರು. ತಪ್ಪು ತನ್ನದಲ್ಲ ಎಂದು ಕಚ್ಚಾಡುವವರನ್ನು ನೋಡಿದ್ದರೇ ಹೊರತು ತನ್ನದು ತನ್ನದು ಎಂದು ಎಳೆದಾಡುವವರನ್ನು ನೋಡಿರಲಿಲ್ಲ. ‘ಇಬ್ಬರೂ ಹೊರಗೆ ನಡೀರಿ. ಮಿಷಿನ್ನಿಗೆ ದಣಿವಾಗಿತ್ತು ಅಂತ ಹೇಳ್ತೀನಿ,’ ಅಂದರು.

ಬಸ್‌ಸ್ಟ್ಯಾಂಡಿನವರೆಗೆ ಪುಟ್ಟಮಾದು ಮುಂದೆ ಮುಂದೆ ನಡೆದ. ಗುಂಡ್ಲುಪೇಟೆ ಬಸ್ಸು ನಿಲ್ಲುವ ಕಡೆ ಬಂದು ತಿರುಗಿ ನಿಂತ.

‘ಸಾಹೇಬ್ರ ಮುಂದೆ ಅಷ್ಟು ಸಲೀಸಾಗಿ ಸುಳ್ಳು ಯೋಳ್ಬುಟ್ಯಲ್ಲಾ. ನಾಳೆ ನಮ್ಮ ಹುಡ್ಗಿಗೂ ಇಂಗೇ ಯೋಳ್ತೀಯ. ಈ ಸಂಬಂಧ ಬ್ಯಾಡ ಕಣಪ್ಪ. ಅಕ್ಕನಿಗೆ ನಾನೇ ತಿಳ್ಸ್ತೀನಿ.’

ರಂಗರಾಜುವಿಗೆ ಪಿತ್ತ ನೆತ್ತಿಗೇರಿತು. ಬೆಳಗಿನಿಂದ ನುಂಗಿದ್ದೆಲ್ಲ ಒಟ್ಟಿಗೆ ಹೊರಬಂತು.

‘ಯಾರಿಗೋಸ್ಕರ ರೀ ಸುಳ್ಳು ಹೇಳಿದ್ದು ನಾನು? ನಿಮಗೋಸ್ಕರ! ಸರ್ವರ್ ಅಂದ್ರೆ ಸಾರಿನ ಪಾತ್ರೆ ಅಂದ್ಕೊಂಡಿದ್ದೀರಾ, ತಳದಲ್ಲಿ ಉಳಿಸೋಕೆ? ಉಳಿಸಿದ್ರೆ ಉಳಿಸ್ಕೊಳ್ಳಿ, ಬಾಯಿಬಿಟ್ಟು ಹೇಳೋಕೇನಾಗಿತ್ತು? ಬೆಳಿಗ್ಗೆಯಿಂದ ನನ್ನ ಪ್ರಾಣ ಹಿಂಡಿ ಹಿಪ್ಪೆ ಆಯ್ತು! ಎಣಿಸಿ ನೋಡಿದ್ರೆ ಬೇಜಾರು ಮಾಡ್ಕೋತೀರಿ ಅಂತ ಎಣಿಸ್ಲಿಲ್ಲ, ಕೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ ಕೇಳ್ಲಿಲ್ಲ. ಬುದ್ಧಿ ಬೇಡ್ವಾ ನಿಮಗೆ? ನನಗೂ ಬುದ್ಧಿ ಇಲ್ಲ!’

ಕಡಲೆಕಾಯಿ ಮಾರುವವಳು ಸೇರು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರು ಸೀಟಿ ಊದುವುದನ್ನು ಬಿಟ್ಟು ಕಿಟಕಿಯಿಂದ ಬಗ್ಗಿದ. ಮುಗಿಯಿತು, ಎಲ್ಲ ಮುಗಿಯಿತು ಅಂದುಕೊಂಡ ರಂಗರಾಜು.

ಪುಟ್ಟಮಾದು ನಿಧಾನವಾಗಿ ಕಲ್ಲು ಬೆಂಚಿನ ಮೇಲೆ ಕೂತ. ‘ಇಷ್ಟೆಲ್ಲಾ ವೊಟ್ಟೇಲಿ ಮಡಿಕ್ಕಂಡು ನಮ್ಮನೇಲಿ ಮೂರು ಸಲ ಸಾರು ಆಕ್ಸ್ಕಂಡ್ಯಾ?’

‘ಹಾಕಿಸ್ಕೊಂಡೆ.’

‘ಯಾಕ್ಲಾ?’

‘ನನಗೆ ಭಾಗ್ಯ ಬೇಕು. ಅದಕ್ಕೆ.’

ಆ ಮಾತು ಹೊರಬಿದ್ದ ಮೇಲೆ ರಂಗರಾಜುವಿಗೇ ಗಾಬರಿಯಾಯಿತು. ಇಷ್ಟು ದಿನ ತನಗೆ ತಾನೂ ಅಷ್ಟು ಗಟ್ಟಿಯಾಗಿ ಹೇಳಿಕೊಂಡಿರಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು. ಒರೆಸಿಕೊಳ್ಳಲು ಹೋದರೆ ಎಲ್ಲರೂ ನೋಡುತ್ತಿದ್ದರು.

‘ಅದ ಮೊದ್ಲೇ ಯೋಳಕೇನಾಗಿತ್ತು ನಿಂಗೆ ರೋಗ?’ ಅಂದ ಪುಟ್ಟಮಾದು. ‘ಬಂದಾಗ್ನಿಂದ ಹೂಂ ಅಣ್ಣ, ಹೂಂ ಮಾವ. ತಲೆ ಆಡ್ಸಕೆ ನಮ್ಮ ಕೊಟ್ಗೇಲಿ ಎತ್ತು ಅದೆ ಕಣ್ಲಾ. ಈ ಹುಡ್ಗನ ಮನ್ಸಲ್ಲಿ ಏನದೆ, ನಮ್ಮ ಹೆಣ್ಣಿನ ಮೇಲೆ ಆಸೆ ಅದೋ ಇಲ್ವೋ ಅಂತ್ಲೇ ನಂಗೆ ತಿಳೀದೆ ಓಯ್ತು. ಅದ್ಕೇ ನೋಡನ ನೋಡನ ಅಂತಿದ್ದೆ.’ ಎದ್ದು ಪಂಚೆ ಕೊಡವಿಕೊಂಡ. ‘ಅವಳು ಕೆಲ್ಸ ಮಾಡೋ ಲ್ಯಾಬು ಎಲ್ಲದೆ? ನಡಿ.’

‘ಈಗ್ಲಾ?’

‘ಬಾಯಿ ಬಿಟ್ಕಂಡಿದ್ದೀಯಲ್ಲ, ಮುಚ್ಕಳೋದ್ರೊಳ್ಗೆ ಓಗನ.’

ಕಂಡಕ್ಟರು ‘ಬಸ್ಸಿಗೆ ಬರಲ್ವೇನಣ್ಣ?’ ಅಂದರೆ, ‘ಇನ್ನೊಂದು ಬಸ್ಸು ಬತ್ತದೆ ಬುಡು’ ಅಂದ ಪುಟ್ಟಮಾದು.

ಲ್ಯಾಬಿನಲ್ಲಿ ಭಾಗ್ಯ ಒಬ್ಬ ಅಜ್ಜನ ತೋಳಿಗೆ ಪಟ್ಟಿ ಬಿಗಿದು ನರ ಹುಡುಕುತ್ತಿದ್ದಳು. ಬೆಂಚಿನ ತುಂಬ ಜನ. ಮಾವ, ಅವನ ಹಿಂದೆ ಬೆವರಿನಲ್ಲಿ ತೊಯ್ದ ರಂಗರಾಜು ಒಳಗೆ ಬಂದದ್ದು ಕಂಡು ಅವಳ ಕೈಯ ಸೂಜಿ ಅಲ್ಲೇ ನಿಂತಿತು.

‘ಏನಾಯ್ತು ಮಾವ? ಯಾರಿಗೆ ಹುಷಾರಿಲ್ಲ?’

‘ಇವ್ನಿಗೆ,’ ಅಂದು ಪುಟ್ಟಮಾದು ರಂಗರಾಜುವಿನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದ. ‘ಯೋಳ್ಲಾ. ಅಲ್ಲಿ ಯೋಳುದ್ಯಲ್ಲ, ಅದೇ.’

‘ಭಾಗ್ಯ ಅವರೇ... ನನಗೆ ನೀವು ಬೇಕು ಅಂತ... ಬಸ್‌ಸ್ಟ್ಯಾಂಡಲ್ಲಿ ಹೇಳಿಬಿಟ್ಟೆ.’

ಬೆಂಚಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಭಾಗ್ಯ ಸೂಜಿಯನ್ನು ತಟ್ಟೆಗಿಟ್ಟಳು. ಅವಳ ಮುಖ ಕೆಂಪಾಗಿತ್ತು, ನಾಚಿಕೆಗೋ ಸಿಟ್ಟಿಗೋ ರಂಗರಾಜುವಿಗೆ ತಿಳಿಯಲಿಲ್ಲ.

‘ಬಸ್‌ಸ್ಟ್ಯಾಂಡಲ್ಲಿ ಇದ್ದೋರಿಗೆಲ್ಲ ಹೇಳಿದ್ರಿ, ನಮ್ಮ ಮಾವನಿಗೆ ಹೇಳಿದ್ರಿ. ನನಗೆ ಯಾವಾಗ ಹೇಳೋಣ ಅಂತಿದ್ರಿ?’

ಅವಳು ಕೇಳಿದ್ದು ನ್ಯಾಯವೇ ಆಗಿತ್ತು. ದಿನಾ ಫೋನಿನಲ್ಲಿ ಮಾತಾಡಿದ್ದ, ಊಟ ಆಯ್ತಾ ಎಂದು ಕೇಳಿದ್ದ, ಹವಾಮಾನ ವಿಚಾರಿಸಿದ್ದ. ಇದೊಂದನ್ನು ಅವಳಿಗೆ ಹೇಳಿರಲಿಲ್ಲ.

‘ಈಗ ಹೇಳ್ತಿದೀನಿ,’ ಅಂದ ರಂಗರಾಜು. ‘ನಿಮ್ಮನ್ನ ಬಿಟ್ಟು ಇನ್ಯಾರೂ ಬೇಡ ನನಗೆ. ನೀವು ಏನಂತೀರಿ?’

ಕುರ್ಚಿಯಲ್ಲಿದ್ದ ಅಜ್ಜ ಒಮ್ಮೆ ಹುಡುಗನನ್ನು ನೋಡಿದ, ಒಮ್ಮೆ ಊದಿಕೊಳ್ಳುತ್ತಿದ್ದ ತನ್ನ ತೋಳನ್ನು ನೋಡಿಕೊಂಡ. ‘ಒಪ್ಕೊಂಬುಡವ್ವ, ನಿನ್ನ ದಮ್ಮಯ್ಯ. ಈ ಪಟ್ಟಿ ಬಿಚ್ಚು, ಕೈ ಜೋಮು ಹಿಡೀತು.’

ಭಾಗ್ಯ ಬಗ್ಗಿ ಅಜ್ಜನ ತೋಳಿನ ಪಟ್ಟಿ ಸಡಿಲಿಸಿದಳು. ‘ಒಪ್ಪಿದೀನಿ,’ ಅಂದಳು, ಅಜ್ಜನಿಗೆ ಹೇಳಿದಂತೆ. ಆಮೇಲೆ ತಲೆಯೆತ್ತಿ ರಂಗರಾಜುವನ್ನು ನೋಡಿದಳು. ‘ನಾನು ಒಪ್ಪಿ ತಿಂಗಳಾಯ್ತು. ನೀವು ಕೇಳಲೇ ಇಲ್ಲ.’